ಮೂರನೆಯ ಕಾಗದ

ಅಮೆರಿಕಕ್ಕೆ ಬಂದ ಒಂಬತ್ತನೆಯ ದಿನ, ಮನೆಯವರನ್ನು ಬಿಟ್ಟು ಬೇರೊಬ್ಬರ ಜೊತೆ ನಾನು ಮೊದಲ ಸಲ ಬಾಯಿತುಂಬ ಮಾತಾಡಿದೆ. ಮಾತಾಡಿದ್ದು ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲೂ ಅಲ್ಲ, ರಷ್ಯನ್ನಿನಲ್ಲಿ. ಜಾಗ ಮಿಶಿಗನ್ನಿನ ಆಬರ್ನ್ ಹಿಲ್ಸ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆ. ವಿಷಯ, ಬಟ್ಟೆ ಒಗೆಯುವ ಮಷಿನ್ನಿನಿಂದ ನೀರು ಸೋರುತ್ತಿದ್ದದ್ದು.

ಎತ್ತರದ ಮುದುಕರೊಬ್ಬರು ಆ ಮಷಿನ್ನಿನ ಮುಂದೆ ಮಂಡಿಯೂರಿ ಕೂತು ಅದನ್ನು ರಷ್ಯನ್ನಿನಲ್ಲಿ ಬೈಯುತ್ತಿದ್ದರು. ನನಗೆ ತಡೆಯಲಾಗಲಿಲ್ಲ. "ಸೀಲ್ ಹೋಗಿದೆ. ಮೊದಲು ಹಿಂದಿನ ವಾಲ್ವ್ ಮುಚ್ಚಿ" ಅಂದೆ, ಅವರದೇ ಭಾಷೆಯಲ್ಲಿ. ಅವರು ತಿರುಗಿ, ಸ್ವೆಟರಿನ ಮೇಲೆ ಮಂಗಳಸೂತ್ರ ಹಾಕಿಕೊಂಡು ಬಟ್ಟೆಯ ಬುಟ್ಟಿ ಹಿಡಿದು ನಿಂತಿದ್ದ ನನ್ನನ್ನು ನೋಡಿದರು. ವಾಲ್ವ್ ಮುಚ್ಚುವುದನ್ನೇ ಮರೆತುಬಿಟ್ಟರು. ನನ್ನ ಚಪ್ಪಲಿಯ ತನಕ ನೀರು ಬಂತು.

ನನ್ನ ರಷ್ಯನ್ ಅಂಥದ್ದು. ಮೈಸೂರಿನಲ್ಲಿ ಬಿ.ಎಸ್ಸಿ. ಮಾಡುವಾಗ ಸಂಜೆಯ ಡಿಪ್ಲೊಮಾ ತರಗತಿಗೆ ಸೇರಿದ್ದೆ. ಆಮೇಲೆ ಬೆಂಗಳೂರಿನಲ್ಲಿ ಹದಿನಾರು ವರ್ಷ ರಷ್ಯನ್ ವಿಮಾನಗಳ ರಿಪೇರಿ ಕೈಪಿಡಿಗಳನ್ನು ಇಂಗ್ಲಿಷಿಗೆ ಮಾಡುವ ಕೆಲಸ. ಪಂಪು, ವಾಲ್ವು, ತುಕ್ಕು, ಬಿರುಕು, ಇವೆಲ್ಲ ನಾಲಗೆಯ ತುದಿಯಲ್ಲಿದ್ದವು. 'ನಿಮ್ಮ ಮಂಡಿನೋವು ಹೇಗಿದೆ' ಎಂದು ಕೇಳಬೇಕಾದರೆ ಮಾತ್ರ ತಡವರಿಸುತ್ತಿದ್ದೆ.

ನನ್ನ ಗಂಡ ರಘು ಕಾರುಗಳ ಬ್ರೇಕ್ ಪರೀಕ್ಷೆ ಮಾಡುವ ಎಂಜಿನಿಯರ್. ಅವರ ಕೆಲಸಕ್ಕಾಗಿ ನಲವತ್ಮೂರನೆಯ ವಯಸ್ಸಿನಲ್ಲಿ ನನ್ನ ಕೆಲಸ ಬಿಟ್ಟು ಬಂದಿದ್ದೆ. ನನ್ನದು ಡಿಪೆಂಡೆಂಟ್ ವೀಸಾ. ಅಂದರೆ ಇರಬಹುದು, ದುಡಿಯುವ ಹಾಗಿಲ್ಲ. ಬೆಳಿಗ್ಗೆ ಅವರು ಆಫೀಸಿಗೆ, ಮಗಳು ಮೇಘನಾ ಹಳದಿ ಬಸ್ಸಿನಲ್ಲಿ ಶಾಲೆಗೆ. ಆಮೇಲೆ ನಾಲ್ಕು ಗಂಟೆಯವರೆಗೆ ಹೀಟರಿನ ಸದ್ದು, ನಾನು. ಫೆಬ್ರವರಿ ತಿಂಗಳು, ಹೊರಗೆ ಹತ್ತು ಡಿಗ್ರಿ. ಇಲ್ಲಿಯ ಹತ್ತು ಡಿಗ್ರಿ ಫ್ಯಾರನ್‌ಹೀಟ್ ಅಂದರೆ ನಮ್ಮ ಲೆಕ್ಕದಲ್ಲಿ ಸೊನ್ನೆಗಿಂತ ಹನ್ನೆರಡು ಕೆಳಗೆ ಎಂದು ಮೇಘನಾ ಹೇಳಿಕೊಡುವವರೆಗೆ, ಪರವಾಗಿಲ್ಲ, ಊಟಿಯ ಹಾಗಿರಬೇಕು ಅಂದುಕೊಂಡಿದ್ದೆ. ಡ್ರೈವಿಂಗ್ ಬಾರದ ನನಗೆ ತರಕಾರಿ ಅಂಗಡಿ ಮೂರು ಮೈಲಿ ದೂರದ ಬೇರೆ ದೇಶ. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಿದರೆ ಮ್ಯಾನೇಜರ್ ಕಾಗದ ಅಂಟಿಸಿ ಹೋಗುತ್ತಿದ್ದಳು. ಮೈಸೂರಿನಲ್ಲಿ ತಾರಸಿಯ ಮೇಲೆ ಬಟ್ಟೆ ಹರವುತ್ತ ಪಕ್ಕದ ಮನೆಯವರ ಜೊತೆ ಸಾರಿನ ಪುಡಿಯಿಂದ ಹಿಡಿದು ಸೊಸೆಯವರೆಗೆ ಮಾತಾಡುತ್ತಿದ್ದೆವು. ಇಲ್ಲಿ ಆ ತಾರಸಿಯ ಬದಲು ಇದ್ದದ್ದು ಈ ನೆಲಮಾಳಿಗೆ.

ಆ ಮುದುಕರ ಹೆಸರು ಗ್ರಿಗೊರಿ ಸಿಮ್ಯೋನೊವಿಚ್. ಎರಡನೆಯದು ಅಪ್ಪನ ಹೆಸರು. ರಷ್ಯನ್ನರಲ್ಲಿ ಹಿರಿಯರನ್ನು ಎರಡೂ ಸೇರಿಸಿ ಕರೆಯುವುದು ಮರ್ಯಾದೆ. ಸೋವಿಯತ್ ದೇಶ ಒಡೆದ ಮೇಲೆ ಮಗಳ ಜೊತೆ ಇಲ್ಲಿಗೆ ಬಂದವರು. ವಯಸ್ಸು ಎಪ್ಪತ್ತೈದರ ಆಸುಪಾಸು. ಮಂಗಳವಾರ, ಶುಕ್ರವಾರ ಹನ್ನೊಂದಕ್ಕೆ ಅವರು ಬಟ್ಟೆ ತರುತ್ತಿದ್ದರು. ಮೂರನೆಯ ವಾರಕ್ಕೆ ನನ್ನ ಬಟ್ಟೆಯೂ ಮಂಗಳವಾರ, ಶುಕ್ರವಾರವೇ ಕೊಳೆಯಾಗತೊಡಗಿತು.

ರಘುಗೆ ಇದು ಅಷ್ಟು ಹಿಡಿಸಲಿಲ್ಲ.

"ಶೈಲೂ, ಹೊರಗಡೆ ರಷ್ಯನ್ ಜಾಸ್ತಿ ಮಾತಾಡಬೇಡ ಕಣೆ" ಅಂದರು ಊಟಕ್ಕೆ ಕೂತಾಗ. "ನಮ್ಮ ಗ್ರೀನ್ ಕಾರ್ಡ್ ಫೈಲ್ ನಡೀತಿದೆ. ಆ ಫಾರ್ಮಲ್ಲಿ ನೀವು ಯಾವತ್ತಾದ್ರೂ ಕಮ್ಯುನಿಸ್ಟ್ ಪಾರ್ಟಿ ಸೇರಿದ್ರಾ ಅಂತ ಕೇಳ್ತಾರೆ. ನಿನ್ನ ಹಳೇ ಕೆಲಸ ಬೇರೆ ವಿಮಾನದ್ದು. ಯಾಕೆ ಸುಮ್ನೆ?"

"ವಾಷಿಂಗ್ ಮಷಿನ್ ಬಗ್ಗೆ ಮಾತಾಡಿದ್ರೂ ತಪ್ಪಾ?"

"ಮಷಿನ್ ಬಗ್ಗೆ ಇಂಗ್ಲಿಷಲ್ಲಿ ಮಾತಾಡು."

ನಕ್ಕೆವು. ಆದರೆ ಆ ಹೆದರಿಕೆ ನನ್ನೊಳಗೂ ಇಳಿಯಿತು. ನಮ್ಮಪ್ಪ ಮೈಸೂರಿನ ರೇಷ್ಮೆ ಕಾರ್ಖಾನೆಯಲ್ಲಿ ಕೆಂಪು ಬಾವುಟದ ಯೂನಿಯನ್ನಿನಲ್ಲಿದ್ದವರು. ಅದೂ ಲೆಕ್ಕಕ್ಕೆ ಬರುತ್ತದೆಯೇ ಎಂದು ಯಾರನ್ನು ಕೇಳುವುದು? ಕೇಳಿದರೆ ಕೇಳಿದ್ದೇ ತಪ್ಪಾದರೆ? ಪರದೇಶದಲ್ಲಿ ಕಾಗದದ ಮೇಲೆ ಬದುಕುವವರಿಗೆ ಈ ಬಗೆಯ ಭಯ ಹೊಸದಲ್ಲ.

ಗ್ರಿಗೊರಿಗೂ ಒಂದು ಭಯವಿತ್ತು. ಒಂದು ಶುಕ್ರವಾರ ಡ್ರೈಯರಿನ ಸದ್ದಿನ ಮರೆಯಲ್ಲಿ ಹೇಳಿದರು: "ಎದುರು ಕಟ್ಟಡದ ಕೆಳಮಹಡಿಯ ಚೀನೀ ಹೆಂಗಸನ್ನು ನೋಡಿದ್ದೀರಾ? ಇಡೀ ದಿನ ಕಿಟಕಿಯಲ್ಲಿ ಕೂತಿರುತ್ತಾಳೆ. ಯಾವ ಕಾರು ಬಂದರೂ ಪುಸ್ತಕದಲ್ಲಿ ಬರೆದುಕೊಳ್ಳುತ್ತಾಳೆ. ನಾನು ಗಡಿಯಲ್ಲಿ ಕೆಲಸ ಮಾಡಿದವನು. ಹಾಗೆ ಬರೆಯುವವರು ಯಾರು ಅಂತ ನನಗೆ ಗೊತ್ತು."

ನನಗೆ ನಗು ಬಂತು. ಅವರ ಮುಖ ನೋಡಿ ನುಂಗಿಕೊಂಡೆ.

ಆ ಹೆಂಗಸು ತಾವಾಗಿಯೇ ನಮ್ಮ ಮನೆಗೆ ಬಂದದ್ದು ಮಾರ್ಚಿನಲ್ಲಿ. ಅದಕ್ಕೆ ಎರಡು ದಿನ ಮೊದಲು, ಎರಡೂ ಕಟ್ಟಡದವರು ಬಳಸುವ ಆ ನೆಲಮಾಳಿಗೆಯಲ್ಲಿ, ಫೋನಿನಲ್ಲಿ ಗ್ರಿಗೊರಿಯ ಜೊತೆ ಮಾತಾಡುತ್ತಿದ್ದೆ. ಪಕ್ಕದಲ್ಲಿ ಬಟ್ಟೆ ಹಿಂಡುತ್ತಿದ್ದ ಆ ಚೀನೀ ಹೆಂಗಸು ನನ್ನ ರಷ್ಯನ್ ಕಿವಿಗೆ ಬಿದ್ದದ್ದೇ ತಡ, ಒದ್ದೆ ಬಟ್ಟೆಯನ್ನೇ ಬಾಚಿಕೊಂಡು ಮೆಟ್ಟಿಲು ಹತ್ತಿಬಿಟ್ಟಿದ್ದರು. ಈಗ ಬಾಗಿಲಲ್ಲಿ, ಎಂಬತ್ತು ದಾಟಿದ ಸಣ್ಣ ದೇಹ, ಕೈಯಲ್ಲಿ ಎಲೆಕೋಸು ತುಂಬಿದ ಕಡುಬಿನ ತಟ್ಟೆ. ಮೇಷ್ಟರು ಪಾಠ ಒಪ್ಪಿಸಿಕೊಳ್ಳುವ ಹಾಗೆ ಅಕ್ಷರ ಅಕ್ಷರ ಬಿಡಿಸಿದ ರಷ್ಯನ್ನಿನಲ್ಲಿ ಕೇಳಿದರು: "ಆ ರಷ್ಯನ್ ಮುದುಕ ನಿನ್ನನ್ನು ಕಳಿಸಿದ್ದಾನೆಯೇ?"

"ಎಲ್ಲಿಗೆ?"

"ನನ್ನನ್ನು ನೋಡಿಕೊಂಡು ಬಾ ಅಂತ."

ಒಳಗೆ ಕರೆದು ಕಾಫಿ ಕೊಟ್ಟೆ. ಹೆಸರು ಲಿಯು. ನಾನು ಲಿಯು ಆಂಟಿ ಅಂದೆ. ನಮ್ಮಲ್ಲಿ ಹಿರಿಯರನ್ನು ಹಾಗೆ ಕರೆಯುತ್ತೇವೆ ಎಂದದ್ದಕ್ಕೆ ತಲೆಯಾಡಿಸಿದರು. ಮಗ ಇಲ್ಲಿ ಕಾರಿನ ಎಂಜಿನಿಯರ್. ಕಿಟಕಿಯಲ್ಲಿ ಕೂತು ಬರೆಯುತ್ತಿದ್ದದ್ದು ಕಾರುಗಳ ನಂಬರ್ ಪ್ಲೇಟು, ನಿಜ. ಇಂಗ್ಲಿಷ್ ಅಕ್ಷರ ಕಲಿಯುವುದಕ್ಕೆ. "ಅವು ನಿಂತಿರುತ್ತವೆ, ಅವಸರ ಮಾಡುವುದಿಲ್ಲ. ಮೊಮ್ಮಕ್ಕಳು ಕಲಿಸುವಾಗ ಬಹಳ ಅವಸರ ಮಾಡುತ್ತಾರೆ" ಅಂದರು.

ಅವರು ಅರ್ಧ ಶತಮಾನದಿಂದ ರಷ್ಯನ್ ಮಾತಾಡಿರಲಿಲ್ಲ. "ನಾನು ಕಲಿಯುವಾಗ ಅದು ಅಣ್ಣನ ಭಾಷೆ. ಸೋವಿಯತ್ ನಮಗೆ ಅಣ್ಣ ಅಂತಲೇ ಹೇಳಿಕೊಡುತ್ತಿದ್ದರು. ನಾನು ಕಲಿಸುವ ಹೊತ್ತಿಗೆ ಅದು ಶತ್ರುವಿನ ಭಾಷೆಯಾಯಿತು" ಅಂದರು. ನಾನು ಚಿಕ್ಕವಳಿದ್ದಾಗ ಕಮ್ಯುನಿಸ್ಟ್ ದೇಶಗಳೆಲ್ಲ ಒಂದೇ ಮನೆ ಅಂದುಕೊಂಡಿದ್ದೆ. ಅಪ್ಪನ ಯೂನಿಯನ್ ಆಫೀಸಿನ ಗೋಡೆಯ ಮೇಲೆ ಎರಡೂ ಕಡೆಯ ನಾಯಕರು ಒಂದೇ ಸಾಲಿನಲ್ಲಿದ್ದರು. ಆ ಮನೆ ಒಡೆದು, ಗಡಿಯ ನದಿಯ ಎರಡು ದಡದಲ್ಲಿ ಸೈನ್ಯ ನಿಂತು, ಇಬ್ಬರೂ ಒಬ್ಬರ ಮೇಲೊಬ್ಬರು ಗೂಢಚಾರರನ್ನು ಬಿಟ್ಟದ್ದನ್ನು ನಾನು ಓದಿ ತಿಳಿದಿದ್ದೆ. ಲಿಯು ಆಂಟಿ ಆ ನದಿಯ ದಡದಲ್ಲೇ ಇದ್ದವರು.

ಅವರ ಗಂಡನೂ ಶಾಲೆಯ ರಷ್ಯನ್ ಮೇಷ್ಟರು. ಪಟ್ಟಣದ ಎದುರಿಗೆ ನದಿ, ನದಿಯಾಚೆ ಸೋವಿಯತ್ ಪಟ್ಟಣ. ಗಂಡ ದಿನಾ ಸಂಜೆ ಶಾಲೆಯ ತಾರಸಿ ಹತ್ತುತ್ತಿದ್ದರು. ಕೇಳಿದರೆ ನೀರಿನ ತೊಟ್ಟಿ ನೋಡಿಬರುತ್ತೇನೆ ಎಂಬ ಉತ್ತರ. ಅಲ್ಲಿಂದ ಬೆಳಕು ಮಿಣುಕುವುದನ್ನು ಯಾರೋ ಕಂಡು ದೂರು ಕೊಟ್ಟರು. ಆಮೇಲೆ ಆಚೆ ದಡದಿಂದ ಅದಕ್ಕೆ ಉತ್ತರದ ಬೆಳಕೂ ಬಂತು. ಸೋವಿಯತ್ ಗೂಢಚಾರ ಎಂದು ಮೇಷ್ಟರನ್ನು ಹಿಡಿದುಕೊಂಡು ಹೋದರು. ಮೂರು ವರ್ಷ ಗಣಿಯಲ್ಲಿ ದುಡಿಸಿ ಬಿಟ್ಟರು. ಶ್ವಾಸಕೋಶ ಕೆಟ್ಟು ಬಂದವರು ಆರು ವರ್ಷ ಬದುಕಿದರು.

"ಆಮೇಲೆ ಸರ್ಕಾರ ಬದಲಾಯಿತು. ಅವನು ನಿರಪರಾಧಿ ಅಂತ ಕಾಗದ ಬಂತು" ಎಂದರು. "ಮೊದಲನೆಯ ಕಾಗದದಲ್ಲಿ ಗೂಢಚಾರ, ಎರಡನೆಯದರಲ್ಲಿ ಅಲ್ಲ. ಎರಡರ ಮೇಲೂ ಕೆಂಪು ಮೊಹರು. ನಾನು ಯಾವುದನ್ನು ನಂಬಲಿ? ಬೆಳಕನ್ನು ನಾನೇ ಕಂಡಿದ್ದೆ, ಅಂಗಳದಿಂದ. ಕಂಡೆ ಅಂತ ಸಹಿ ಹಾಕಿದೆ. ಅವನು ವಾಪಸ್ ಬಂದ ಮೇಲೆ ನಾನು ಒಂದು ಸಲವೂ ಕೇಳಲಿಲ್ಲ. ಹೌದು ಅಂದುಬಿಟ್ಟರೆ ಅಂತ ಭಯ."

ಮಗನಿಗೂ ಈ ಪ್ರಶ್ನೆ ಅಂಟಿಕೊಂಡಿತ್ತಂತೆ. ಶಾಲೆಯಲ್ಲಿ ಅವನನ್ನು ಗೂಢಚಾರನ ಮಗ ಅನ್ನುತ್ತಿದ್ದರು. ಈಗಲೂ ಅಪ್ಪನ ಮಾತು ಬಂದರೆ ಎದ್ದು ಹೋಗುತ್ತಾನೆ ಅಂದರು.

ಇಬ್ಬರನ್ನೂ ಒಂದೇ ಮೇಜಿಗೆ ಕರೆದದ್ದು ನನ್ನ ಮೊಂಡುತನ. ಗ್ರಿಗೊರಿ ಆಂಟಿಯನ್ನು ಗೂಢಚಾರಿಣಿ ಎನ್ನುವುದು, ಆಂಟಿ ಅವರಿಗೆ ಹೆದರಿ ಒದ್ದೆ ಬಟ್ಟೆ ಹೊತ್ತು ಓಡುವುದು, ಅಲ್ಲಿ ನನಗಿದ್ದ ಎರಡೇ ಸ್ನೇಹ ಹೀಗಿರುವುದು ನನಗೆ ಸಹಿಸಲಾಗದಾಗಿತ್ತು. ಇಬ್ಬರಿಗೂ ಇನ್ನೊಬ್ಬರು ಬರುವುದನ್ನು, ಆಂಟಿಗೆ ಗ್ರಿಗೊರಿ ಗಡಿಯಲ್ಲಿ ಕೆಲಸ ಮಾಡಿದ್ದನ್ನು ಹೇಳಿಯೇ ಕರೆದೆ. ಲಿಯು ಆಂಟಿ ಎರಡು ದಿನ ಯೋಚಿಸಿ ಒಪ್ಪಿದರು. ಉಪ್ಪಿಟ್ಟು ಮಾಡಿದೆ. ರವೆಯನ್ನು ಹಾಲು ಸಕ್ಕರೆಯಲ್ಲಿ ಬೇಯಿಸಿ ತಿನ್ನುವ ಗ್ರಿಗೊರಿ, ಅದಕ್ಕೆ ಉಪ್ಪು, ಹಸಿಮೆಣಸಿನಕಾಯಿ ಹಾಕುವವರೂ ಇದ್ದಾರೆಂದು ಬೆರಗಾಗಿ ಎರಡನೆಯ ಸಲ ಬಡಿಸಿಕೊಂಡರು.

ಇಬ್ಬರೂ ನನ್ನ ಮುಖ ನೋಡಿಯೇ ಮಾತಾಡುತ್ತಿದ್ದರು. "ಇವರು ಗಡಿಯಲ್ಲಿ ಎಲ್ಲಿದ್ದರಂತೆ, ಕೇಳು" ಎಂದು ಲಿಯು ಆಂಟಿ, ಅವರಿಗೂ ಅರ್ಥವಾಗುವ ರಷ್ಯನ್ನಿನಲ್ಲೇ ನನಗೆ ಹೇಳಿದರು. ಗ್ರಿಗೊರಿ ಊರಿನ ಹೆಸರು ಹೇಳಿದರು.

ಲಿಯು ಆಂಟಿ ಲೋಟ ಕೆಳಗಿಟ್ಟರು. "ನಾನು ಎದುರು ದಡದಲ್ಲಿದ್ದೆ."

ಅಷ್ಟು ಹೊತ್ತಿನ ಮೇಲೆ ಗ್ರಿಗೊರಿ ಮೊದಲ ಸಲ ನೇರವಾಗಿ ಅವರತ್ತ ತಿರುಗಿದರು. "ಎರಡಂತಸ್ತಿನ ಶಾಲೆ ಇತ್ತಲ್ಲ? ಮೇಲೆ ನೀರಿನ ತೊಟ್ಟಿ?"

"ಇತ್ತು."

"ನಾನು ಕಾವಲು ಗೋಪುರದಲ್ಲಿದ್ದೆ. ದೊಡ್ಡ ದುರ್ಬೀನು, ಪಕ್ಕದಲ್ಲಿ ದಾಖಲೆ ಪುಸ್ತಕ. ಆಗ ಇಪ್ಪತ್ತು ವರ್ಷ ನನಗೆ. ಆ ತಾರಸಿಗೆ ದಿನಾ ಸಂಜೆ ಒಬ್ಬ ಮನುಷ್ಯ ಬರುತ್ತಿದ್ದ. ನಮ್ಮ ದೋಣಿ ಎಣಿಸುವುದಕ್ಕೆ ಬಂದ ಚೀನೀ ಗೂಢಚಾರ ಅಂತ ನಮ್ಮ ಅಧಿಕಾರಿ ತೀರ್ಮಾನ ಮಾಡಿದ್ದರು. ಸೂಕ್ಷ್ಮವಾಗಿ ಗಮನಿಸಲು ನನಗೆ ಹೇಳಿದರು. ಐದು ತಿಂಗಳು ಗಮನಿಸಿದೆ."

ನನ್ನ ಕೈ ಲಿಯು ಆಂಟಿಯ ಕೈ ಮೇಲೆ ಯಾವಾಗ ಹೋಯಿತೋ ತಿಳಿಯದು.

"ಬೆಳಕು ಕಾಣುತ್ತಿತ್ತು. ಒಮ್ಮೆ, ಎರಡು ಸಲ, ಗಾಳಿ ಇದ್ದ ದಿನ ನಾಲ್ಕೈದು ಸಲ. ಎಲ್ಲವನ್ನೂ ಬರೆದುಕೊಂಡೆವು. ಸಂಕೇತ ಬಿಡಿಸುವುದಕ್ಕೆ ದೊಡ್ಡ ಊರಿಗೆ ಕಳಿಸಿದರು. ಅಲ್ಲೂ ಯಾರಿಗೂ ಬಿಡಿಸಲು ಆಗಲಿಲ್ಲ. ಆಗುವುದಾದರೂ ಹೇಗೆ? ಬೆಂಕಿಕಡ್ಡಿ ಗೀರುತ್ತಿದ್ದ. ಸಿಗರೇಟು ಸೇದುತ್ತಿದ್ದ. ಹಾಗಂತ ಅಧಿಕಾರಿಗೆ ಹೇಳಿದೆ. ಅಷ್ಟಕ್ಕೇ ಒಬ್ಬ ಮನುಷ್ಯ ದಿನಾ ತಾರಸಿ ಹತ್ತುತ್ತಾನೆಯೇ ಅಂತ ಬೈದರು."

"ನನ್ನ ಗಂಡ ಸೇದುತ್ತಿರಲಿಲ್ಲ" ಎಂದರು ಲಿಯು ಆಂಟಿ. ಧ್ವನಿ ಗಟ್ಟಿಯಾಗಿತ್ತು. "ಮಗ ಹುಟ್ಟಿದಾಗ ಬಿಟ್ಟಿದ್ದ. ನನಗೆ ಮಾತು ಕೊಟ್ಟಿದ್ದ. ವಿಚಾರಣೆಯಲ್ಲೂ ಅವನು ಅದೇ ಹೇಳಿದನಂತೆ, ಸಿಗರೇಟಿಗೆ ಹೋಗಿದ್ದೆ ಅಂತ. ಅವರು ನನ್ನನ್ನು ಕರೆದು ಕೇಳಿದರು. ಇಲ್ಲ, ಅವನು ಸೇದುವುದಿಲ್ಲ ಅಂದೆ. ನಿಜವನ್ನೇ ಹೇಳಿದೆ. ನೀವು ನೋಡಿದ್ದು ಬೇರೆ ಯಾರನ್ನೋ."

"ಇರಬಹುದು" ಎಂದರು ಗ್ರಿಗೊರಿ. "ಇನ್ನೊಂದಿತ್ತು. ಇಳಿಯುವ ಮುಂಚೆ ಜೇಬಿನಿಂದ ಏನೋ ತೆಗೆದು ಬಾಯಿಗೆ ಹಾಕಿ ಅಗಿಯುತ್ತಿದ್ದ. ಒಂದು ದಿನವೂ ತಪ್ಪಿಸಲಿಲ್ಲ. ಸಂದೇಶದ ಚೀಟಿಯನ್ನು ನುಂಗುತ್ತಿದ್ದಾನೆ ಅಂತ ಪುಸ್ತಕದಲ್ಲಿ ಬರೆದೆವು. ಅಗಿಯುವಾಗ ಮುಖ ಹುಳ್ಳಗೆ ಮಾಡುತ್ತಿದ್ದ."

ಲಿಯು ಆಂಟಿ ಬಾಯಿಯ ಮೇಲೆ ಕೈಯಿಟ್ಟುಕೊಂಡರು.

"ಬೆಳ್ಳುಳ್ಳಿ" ಅಂದರು.

ನಮಗೆ ಅರ್ಥವಾಗಲಿಲ್ಲ.

"ಹಸಿ ಬೆಳ್ಳುಳ್ಳಿ. ಶಾಲೆಯಿಂದ ಬಂದರೆ ಬಾಯಿತುಂಬ ಅದೇ ವಾಸನೆ. ರಕ್ತಕ್ಕೆ ಒಳ್ಳೆಯದು ಅನ್ನುತ್ತಿದ್ದ. ಜೇಬು ತೊಳೆದೂ ತೊಳೆದೂ ನನಗೆ ಸಾಕಾಗಿತ್ತು." ಅವರ ಭುಜಗಳು ಅಲುಗತೊಡಗಿದವು. ಅಳುತ್ತಿದ್ದಾರೆಂದು ನಾನು ಎದ್ದೆ. ಅವರು ನಗುತ್ತಿದ್ದರು. ನಗುತ್ತಲೇ ಕಣ್ಣಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. "ಕಳ್ಳ. ಸಿಗರೇಟು ಕಳ್ಳ. ಅಷ್ಟೇನಾ? ಅವನು ಮಾಡಿದ್ದು ಅಷ್ಟೇನಾ?"

ನನಗೆ ನಮ್ಮಪ್ಪ ಕಣ್ಣ ಮುಂದೆ ಬಂದರು. ಬೀದಿಯ ತುದಿಯಲ್ಲಿ ಬೀಡಿ ಸೇದಿ, ಲವಂಗ ಅಗಿಯುತ್ತ, ಏನೂ ಗೊತ್ತಿಲ್ಲದವರ ಹಾಗೆ ಒಳಗೆ ಬರುತ್ತಿದ್ದರು. ಅಮ್ಮನಿಗೆ ಎಲ್ಲ ಗೊತ್ತಿತ್ತು. ಯಾವ ಸರ್ಕಾರವೂ ಆ ಲವಂಗವನ್ನು ದುರ್ಬೀನಿನಲ್ಲಿ ನೋಡಲಿಲ್ಲ ಎನ್ನುವುದು ನಮ್ಮ ಪುಣ್ಯ.

ಗ್ರಿಗೊರಿ ನಗಲಿಲ್ಲ. "ಇನ್ನೂ ಇದೆ" ಎಂದರು. "ಅಧಿಕಾರಿ ಅದಕ್ಕೆ ಉತ್ತರವಾಗಿ ಬೆಳಕು ಬಿಟ್ಟು ನೋಡು, ಏನು ಮಾಡುತ್ತಾನೋ ನೋಡೋಣ ಅಂದರು. ಮೂರು ಸಂಜೆ ದೀಪ ತೋರಿಸಿದೆ. ನಾನೇ. ನಾಲ್ಕನೆಯ ದಿನದಿಂದ ಅವನು ಬರಲಿಲ್ಲ. ದಿನಾ ಬರೆಯುವ ಕೆಲಸ ತಪ್ಪಿತಲ್ಲ ಅಂತ ಆಗ ಖುಷಿಯೇ ಆಗಿತ್ತು. ಎಷ್ಟೋ ವರ್ಷ ಆದಮೇಲೆ ಹೊಳೆಯಿತು, ಯಾಕೆ ಬರಲಿಲ್ಲ ಅಂತ. ಆಮೇಲೆ ಅದು ನನ್ನನ್ನು ಬಿಟ್ಟಿಲ್ಲ."

ಅವರ ಎರಡು ದೊಡ್ಡ ಕೈಗಳು ಮೇಜಿನ ಮೇಲಿದ್ದವು. ಲಿಯು ಆಂಟಿ ಅವನ್ನೇ ನೋಡಿದರು. ಆಮೇಲೆ ಕಣ್ಣೊರೆಸಿಕೊಂಡು, "ನಿಮಗೆ ಇಪ್ಪತ್ತು. ನನಗೆ ಇಪ್ಪತ್ತಾರು. ನಾನೂ ಸಹಿ ಹಾಕಿದ್ದೆ" ಅಂದು ಎದ್ದು, ಕೋಟು ಹಾಕಿಕೊಂಡು ಹೋದರು.

ಎರಡು ಮಂಗಳವಾರ, ಎರಡು ಶುಕ್ರವಾರ ಗ್ರಿಗೊರಿ ನೆಲಮಾಳಿಗೆಗೆ ಇಳಿಯಲಿಲ್ಲ. ಫೋನ್ ಎತ್ತಲಿಲ್ಲ. ನಾನು ಯಾಕಾದರೂ ಇವರಿಬ್ಬರನ್ನು ಕೂಡಿಸಿದೆನೋ ಎಂದು ಹಳಹಳಿಸಿದೆ. ರಘು ಮೊದಲ ಸಲ ಬೈಯಲಿಲ್ಲ. "ನೀನು ಒಳ್ಳೇದಕ್ಕೇ ಮಾಡಿದ್ದು" ಎಂದಷ್ಟೇ ಅಂದರು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಮೂರನೆಯ ಮಂಗಳವಾರ ಲಿಯು ಆಂಟಿ ನನ್ನನ್ನು ಕರೆದುಕೊಂಡು ಗ್ರಿಗೊರಿಯ ಮನೆಯ ಬಾಗಿಲು ತಟ್ಟಿದರು. ಗ್ರಿಗೊರಿ ಗಡ್ಡ ಬಿಟ್ಟಿದ್ದರು. ಲಿಯು ಆಂಟಿ ಚೀಲದಿಂದ ಬಿಳಿ ಹಾಳೆ, ಪೆನ್ನು ತೆಗೆದು ಮುಂದಿಟ್ಟರು.

"ನೀವು ಕಂಡದ್ದನ್ನು ಬರೆಯಿರಿ. ಬೆಂಕಿಕಡ್ಡಿ, ಬೆಳ್ಳುಳ್ಳಿ, ದೀಪ, ಎಲ್ಲ. ಬರೆದು ಸಹಿ ಹಾಕಿ. ನನ್ನ ಹತ್ತಿರ ಎರಡು ಕಾಗದ ಇವೆ. ಎರಡನ್ನೂ ಬರೆದವರು ಅವನನ್ನು ನೋಡಿರಲಿಲ್ಲ. ನೀವೊಬ್ಬರೇ ನೋಡಿದವರು."

ಗ್ರಿಗೊರಿ ಒಂದೂವರೆ ಪುಟ ಬರೆದರು. ನಡುವೆ ಎರಡು ಸಲ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು. ಲಿಯು ಆಂಟಿ ಅದನ್ನು ಓದಿ, ಹಳೆಯ ಅಭ್ಯಾಸದಂತೆ ಒಂದು ಕಾಗುಣಿತದ ತಪ್ಪು ತಿದ್ದಿದರು. ಆಮೇಲೆ ನನ್ನತ್ತ ತಿರುಗಿ, "ಚೀನೀಗೆ ನಾನೇ ಮಾಡಬಲ್ಲೆ, ಆದರೆ ನನ್ನ ಮೊಮ್ಮಕ್ಕಳಿಗೆ ಅದನ್ನು ಓದಲು ಬರುವುದಿಲ್ಲ. ಇಂಗ್ಲಿಷಿಗೆ ನೀನು ಮಾಡು. ನಿನ್ನ ಹೆಸರೂ ಹಾಕು" ಅಂದರು.

ಹೆಸರು ಹಾಕುವಾಗ ಕೈ ತಡೆಯಿತು ಎಂದು ಒಪ್ಪಿಕೊಳ್ಳುತ್ತೇನೆ. ಸೋವಿಯತ್ ಸೈನ್ಯ, ಚೀನಾ, ಗೂಢಚಾರ, ಇಷ್ಟೂ ಪದಗಳಿರುವ ಕಾಗದದ ಕೆಳಗೆ ವೀಸಾದ ಮೇಲಿರುವ ಹೆಂಗಸಿನ ಹೆಸರು. ರಘುವನ್ನು ಕೇಳಿದೆ. ಅವರು ಪೂರ್ತಿ ಓದಿದರು. ಬೆಳ್ಳುಳ್ಳಿಯ ಸಾಲಿಗೆ ಬಂದಾಗ ಕನ್ನಡಕ ತೆಗೆದರು. "ಹಾಕು. ಇದಕ್ಕೆ ಹೆಸರು ಹಾಕದೆ ಇನ್ಯಾವುದಕ್ಕೆ ಹಾಕ್ತೀಯ" ಅಂದರು. ಶೈಲಜಾ ರಘುನಾಥ್, ಅನುವಾದಕಿ ಎಂದು ಬರೆದೆ. ಅಮೆರಿಕದಲ್ಲಿ ನಾನು ಮಾಡಿದ ಮೊದಲ ಕೆಲಸ ಅದು.

ಲಿಯು ಆಂಟಿಯ ಮಗ ಅದನ್ನು ನಮ್ಮೆದುರೇ, ನೆಲಮಾಳಿಗೆಯಲ್ಲಿ ನಿಂತು ಓದಿದ. ಐವತ್ತೈದು ದಾಟಿದ, ಬೋಳು ತಲೆಯ, ಮಾತು ಕಮ್ಮಿಯ ಮನುಷ್ಯ. ಓದಿ ಮುಗಿಸಿ ತಾಯಿಯನ್ನು ಚೀನೀಯಲ್ಲಿ ಏನೋ ಕೇಳಿದ. ಅವರು ಮೂಗಿನ ಮುಂದೆ ಕೈಯಾಡಿಸಿ ವಾಸನೆ ತೋರಿಸಿದರು. ಅವನು ಗೋಡೆಗೆ ಒರಗಿ ನಕ್ಕ. ನಂತರ ಗ್ರಿಗೊರಿಯ ಹತ್ತಿರ ಹೋಗಿ, ಕೈ ಕೊಡುವುದೋ ಬೇಡವೋ ಎಂಬಂತೆ ಒಂದು ಕ್ಷಣ ನಿಂತು, ಕೊಟ್ಟ. ಅಪ್ಪ ನೋಡುವುದಕ್ಕೆ ಹೇಗಿದ್ದರು ಎಂದು ಕೇಳಿದ. ಅವನಿಗೆ ಅಪ್ಪನ ನೆನಪು ಇದ್ದದ್ದೆಲ್ಲ ಗಣಿಯಿಂದ ಬಂದ ಮೇಲಿನದು. "ಗಟ್ಟಿ ಆಳು. ಎರಡೆರಡು ಮೆಟ್ಟಿಲು ಒಟ್ಟಿಗೆ ಹತ್ತುತ್ತಿದ್ದ" ಅಂದರು ಗ್ರಿಗೊರಿ. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವನು ಇನ್ನೊಂದು ಸಲ ಹೇಳಿ ಅಂದ.

ನನ್ನ ಕೆಲಸದ ಪರವಾನಗಿ ಬಂದದ್ದು ಮುಂದಿನ ವರ್ಷ. ಫಾರ್ಮಿನಲ್ಲಿದ್ದ ಕಮ್ಯುನಿಸ್ಟ್ ಪಾರ್ಟಿಯ ಪ್ರಶ್ನೆಯ ಬಗ್ಗೆ ವಕೀಲರನ್ನು ಕೇಳಿದೆವು. ಅವರು ಕೇಳುವುದು ನಿಮ್ಮ ಬಗ್ಗೆ, ನಿಮ್ಮ ತಂದೆಯ ಯೂನಿಯನ್ ಬಗ್ಗೆ ಅಲ್ಲ ಎಂದು ಆಕೆ ಒಂದು ವಾಕ್ಯದಲ್ಲಿ ಮುಗಿಸಿದರು. ಆ ವಾಕ್ಯ ಕೇಳುವುದಕ್ಕೆ ನಾನು ಒಂದು ವರ್ಷ ಹೆದರಿದ್ದೆ.

ಈಗ ನಾವು ಶಿಕಾಗೋ ಬಳಿಯ ಡೌನರ್ಸ್ ಗ್ರೋವ್‌ನಲ್ಲಿದ್ದೇವೆ. ರಘು ಕೆಲಸ ಬದಲಿಸಿದರು. ನಾನು ರೈಲು ಹಿಡಿದು ನಗರದ ಆಸ್ಪತ್ರೆಯೊಂದಕ್ಕೆ ಹೋಗುತ್ತೇನೆ, ರಷ್ಯನ್ ರೋಗಿಗಳಿಗೆ ದುಭಾಷಿ. ಮಂಡಿನೋವಿನ ಬಗ್ಗೆ ಈಗ ಸಲೀಸಾಗಿ ಕೇಳುತ್ತೇನೆ. ಗ್ರಿಗೊರಿ ಭಾನುವಾರ ಫೋನ್ ಮಾಡುತ್ತಾರೆ. ಲಿಯು ಆಂಟಿ ಗ್ರಿಗೊರಿಯ ರಷ್ಯನ್ ವ್ಯಾಕರಣ ತಿದ್ದುತ್ತಾರಂತೆ, ಅವರು ಆಂಟಿಯ ಬಟ್ಟೆಬುಟ್ಟಿ ಹೊತ್ತು ಮೆಟ್ಟಿಲು ಹತ್ತುತ್ತಾರಂತೆ. ಅವರ ನಡುವೆ ಎಲ್ಲ ಸರಿಹೋಯಿತೇ ಎಂದು ನಾನು ಕೇಳಿಲ್ಲ. ಒಂದೇ ಮೇಜಿನಲ್ಲಿ ಕೂತು ಊಟ ಮಾಡುತ್ತಾರೆ ಎನ್ನುವುದು ನನಗೆ ಸಾಕು.

ಹೋದ ತಿಂಗಳು ಇಲ್ಲಿಯ ಕನ್ನಡದವರ ಮನೆಯೊಂದರಲ್ಲಿ ಸತ್ಯನಾರಾಯಣ ಪೂಜೆ. ಪ್ರಸಾದದ ಸಾಲಿನಲ್ಲಿ ನನ್ನ ಮುಂದೆ ಬೆಂಗಳೂರಿನಿಂದ ಮಗಳ ಬಾಣಂತನಕ್ಕೆ ಬಂದಿದ್ದ ಹಿರಿಯರೊಬ್ಬರಿದ್ದರು. "ಯಾವೂರಮ್ಮ ನಿಮ್ದು?" ಎಂದು ಕೇಳಿದರು.

"ಆಬರ್ನ್ ಹಿಲ್ಸ್" ಎಂದೆ.

ಅವರು ಕನ್ನಡಕದ ಮೇಲಿಂದ ನೋಡಿದರು. "ಅಲ್ಲಮ್ಮ, ಊರು. ಊರು ಯಾವುದು?"

ಹಿಂದಿದ್ದ ಮೇಘನಾ "ಅಮ್ಮಾ, ಶಿ ಮೀನ್ಸ್ ಮೈಸೂರ್" ಅಂದಳು.

ಹೌದು, ಮೈಸೂರು ಆಂಟಿ, ಎಂದೆ. ಅಲ್ಲೇ ಹುಟ್ಟಿದೆ, ಅಲ್ಲೇ ಓದಿದೆ, ಎಂದು ಸೇರಿಸಿದೆ. ಅವರಿಗೆ ಸಮಾಧಾನವಾಗಿ, ತಮ್ಮ ನಾದಿನಿಯ ಮನೆ ಸರಸ್ವತಿಪುರಂನಲ್ಲಿದೆ ಎಂದು ಶುರುಮಾಡಿದರು. ನಾನೂ ಖುಷಿಯಿಂದಲೇ ಆ ಬೀದಿಗಳಲ್ಲಿ ಅವರ ಜೊತೆ ಓಡಾಡಿದೆ. ಆದರೆ ಮೊದಲು ಬಾಯಿಗೆ ಬಂದದ್ದು ಸುಳ್ಳಾಗಿರಲಿಲ್ಲ.